ಎರಡು ಕಿಲೋ ಕ್ಯಾಮೆರಾ, ಎರಡು ಕಿಲೋ ಸಾರಿನಪುಡಿ

ಬೆಂಗಳೂರಿಗೆ ಟಿಕೆಟ್ ಬುಕ್ ಆಯಿತೆಂದರೆ ಹೊರನಾಡ ಕನ್ನಡಿಗರ ಮನೆಯಲ್ಲಿ ಗುರುತ್ವಾಕರ್ಷಣೆ ಹೆಚ್ಚಾಗುತ್ತದೆ. ಅಲ್ಲಿಯವರೆಗೆ ಯಾರೂ ಹತ್ತಲು ಒಪ್ಪದ ತೂಕದ ಯಂತ್ರ ಬಚ್ಚಲಿನಿಂದ ನಡುಮನೆಗೆ ಬಡ್ತಿ ಪಡೆಯುತ್ತದೆ. ಸೂಟ್‌ಕೇಸಿಗೆ 23 ಕಿಲೋ, ಕೈಚೀಲಕ್ಕೆ 7 ಕಿಲೋ ಎಂಬ ಲೆಕ್ಕ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬಾಯಿಗೆ ಬರುತ್ತದೆ. ಬಾದಾಮಿ, ಚಾಕೊಲೇಟು, ಯಾರದೋ ಮಗನ ಲ್ಯಾಪ್‌ಟಾಪು, ಇನ್ಯಾರದೋ ಮೊಣಕಾಲು ನೋವಿನ ಮುಲಾಮು ಎಲ್ಲ ತುಂಬಿದ ಮೇಲೆ ಉಳಿದ ಜಾಗವನ್ನು ಗಂಡಹೆಂಡಿರ ನಡುವೆ ಹಂಚುವುದಿದೆಯಲ್ಲ, ಅದನ್ನು ಕಾವೇರಿ ನ್ಯಾಯಮಂಡಳಿಯಿಂದಲೂ ಬಗೆಹರಿಸಲಾಗದು.

ನಮ್ಮ ಮನೆಯಲ್ಲಿ ಈ ವ್ಯಾಜ್ಯದ ಮೂಲ ನಿಕಾನ್ ಡಿ90. 2008ರ ಆಗಸ್ಟಿನಲ್ಲಿ ಬಂದ ಈ ಕ್ಯಾಮೆರಾ, ವಿಡಿಯೊವನ್ನೂ ತೆಗೆಯಬಲ್ಲ ಜಗತ್ತಿನ ಮೊದಲ ಡಿಎಸ್‌ಎಲ್‌ಆರ್. ಇವರು ಅದನ್ನು ಕೊಂಡಾಗ ಮಗಳು ಹುಟ್ಟಿರಲಿಲ್ಲ. ಹಾಗಾಗಿ ಮನೆಯಲ್ಲಿ ಹಿರೇತನ ಅದರದ್ದೇ. ಮಗಳ ನಾಮಕರಣ, ಅನ್ನಪ್ರಾಶನ, ಕನ್ನಡ ಕೂಟದ ವೇದಿಕೆಯ ಮೊದಲ ಕೋಲಾಟ, ಎಲ್ಲಕ್ಕೂ ಅದೇ ಸಾಕ್ಷಿ. ಅವಳ ಮೊದಲ ಪಾಸ್‌ಪೋರ್ಟ್ ಫೋಟೋ ಕೂಡ ಅದರಲ್ಲೇ ಆದದ್ದು. ಅಮೆರಿಕದ ಪಾಸ್‌ಪೋರ್ಟಿಗೆ ಎರಡು ಅಂಗುಲ ಚದರದ ಫೋಟೋ ಬೇಕು, ಹಿನ್ನೆಲೆ ಬಿಳಿಯಾಗಿರಬೇಕು. ಬಾಣಂತನಕ್ಕೆಂದು ಅತ್ತೆಯ ಜೊತೆ ಬಂದಿದ್ದ ಮಾವನವರ ಮಡಿಪಂಚೆಯನ್ನು ಹಾಸಿ ಮಗುವನ್ನು ಮಲಗಿಸಿದೆವು. ಫೋಟೋ ಸರ್ಕಾರಕ್ಕೆ ಒಪ್ಪಿಗೆಯಾಯಿತು. ಪಂಚೆ ಮಾತ್ರ ಆಮೇಲೆ ಮಡಿಗೆ ಬರಲಿಲ್ಲ.

ಕಷ್ಟ ಇರುವುದು ತೂಕದಲ್ಲಿ. ಬ್ಯಾಟರಿ ಸೇರಿ ಬರೀ ಬಾಡಿ 703 ಗ್ರಾಂ. ಜೊತೆಗೆ ಬಂದ 18-105 ಲೆನ್ಸು 420 ಗ್ರಾಂ. ದೂರದ್ದನ್ನು ಹತ್ತಿರಕ್ಕೆ ಎಳೆಯುವ 70-300 ಲೆನ್ಸು 745 ಗ್ರಾಂ. ಚಾರ್ಜರು, ಫ್ಲ್ಯಾಶು, ಚೀಲ ಸೇರಿದರೆ ಎರಡು ಕಿಲೋ ದಾಟುತ್ತದೆ. ಬಿಡಿ ಲಿಥಿಯಂ ಬ್ಯಾಟರಿಯನ್ನು ಸೂಟ್‌ಕೇಸಿಗೆ ಹಾಕಲು ವಿಮಾನದವರು ಬಿಡುವುದಿಲ್ಲ, ಲೆನ್ಸನ್ನು ಹಾಕಲು ಇವರು ಬಿಡುವುದಿಲ್ಲ. ಕೈಚೀಲದ ಏಳರಲ್ಲಿ ಎರಡು ಅಲ್ಲಿಗೇ ಹೋಯಿತು.

“ಎರಡು ಕಿಲೋ ಅಂದ್ರೆ ವಾಪಸ್ ಬರುವಾಗ ಅತ್ತೆ ಕೊಡೋ ಸಾರಿನಪುಡಿ ಕಣ್ರೀ, ಒಂದು ವರ್ಷದ್ದು” ಎಂದೆ.

“ಸಾರಿನಪುಡಿ ಸೂಟ್‌ಕೇಸಿಗೆ ಹೋಗುತ್ತೆ. ಕ್ಯಾಮೆರಾ ಕೈಚೀಲದಲ್ಲಿರುತ್ತೆ. ಎರಡಕ್ಕೂ ಏನು ಸಂಬಂಧ?”

“ಕ್ಯಾಮೆರಾ ಇಲ್ದಿದ್ರೆ ಸೂಟ್‌ಕೇಸಲ್ಲಿರೋ ನಿಮ್ಮ ಪ್ಯಾಂಟು ಕೈಚೀಲಕ್ಕೆ ಬರುತ್ತೆ, ಆ ಜಾಗಕ್ಕೆ ಪುಡಿ ಹೋಗುತ್ತೆ. ಇಂಜಿನಿಯರ್ ಅಂತೀರಿ, ಇಷ್ಟು ಗೊತ್ತಾಗಲ್ವಾ?”

ಈ ಜಗಳಕ್ಕೆ ತುಪ್ಪ ಹುಯ್ದವನು ಇಂದಿರಾನಗರದ ನನ್ನ ಮೈದುನ. ಅವನ ಹತ್ತಿರ ಇರುವುದು ರಿಕೋ ಜಿಆರ್ 3. 2019ರಲ್ಲಿ ಮಾರುಕಟ್ಟೆಗೆ ಬಂದದ್ದು. ಬ್ಯಾಟರಿ, ಕಾರ್ಡು ಎಲ್ಲ ಸೇರಿ 257 ಗ್ರಾಂ. ಜೇಬಿಗೆ ಹಾಕಿಕೊಂಡರೆ ಇರುವುದೇ ಗೊತ್ತಾಗುವುದಿಲ್ಲ. “ಅಣ್ಣಾ, ಆ ಗುಂಡುಕಲ್ಲು ಅಲ್ಲೇ ಬಿಟ್ಟು ಬಾ. ನೀನೂ ಇಂಥದ್ದೊಂದು ತಗೋ” ಎಂದು ವಿಡಿಯೊ ಕಾಲಿನಲ್ಲಿ ಕ್ಯಾಮೆರಾವನ್ನು ಅಂಗೈಯಲ್ಲಿಟ್ಟು ತೋರಿಸಿದ.

ಇವರಿಗೆ ನಿಜವಾಗಿ ಪೆಟ್ಟು ಬಿದ್ದದ್ದು ಸೆನ್ಸರಿನ ಲೆಕ್ಕ ಕೇಳಿದಾಗ. ಡಿ90ರ ಸೆನ್ಸರ್ 23.6 × 15.8 ಮಿ.ಮೀ.; ಜಿಆರ್‌ನದು 23.5 × 15.6. ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲಿನ ವ್ಯತ್ಯಾಸ! ಮೇಲಾಗಿ ಇದು 12 ಮೆಗಾಪಿಕ್ಸೆಲ್, ಅದು 24. ಹಾಗಾದರೆ ಉಳಿದ ಮೈಯೆಲ್ಲ ಏನು? ಒಳಗೊಂದು ಕನ್ನಡಿ, ಅದರ ತಲೆಯ ಮೇಲೆ ಗಾಜಿನ ಪ್ರಿಸಂ, ಕಣ್ಣಿಡಲು ಕಿಂಡಿ, ಲೆನ್ಸ್ ಬದಲಿಸಲು ಅಗಲವಾದ ಬಾಯಿ. ಪ್ರತಿ ಚಿತ್ರಕ್ಕೂ ಕನ್ನಡಿ ಮೇಲೇಳಬೇಕು, ಶಟರ್ ತೆರೆದು ಮುಚ್ಚಬೇಕು, ಕನ್ನಡಿ ಮತ್ತೆ ಇಳಿಯಬೇಕು. ಜಿಆರ್‌ನಲ್ಲಿ ಕನ್ನಡಿ ಇಲ್ಲ, ಕಿಂಡಿ ಇಲ್ಲ, ಜೂಮ್ ಇಲ್ಲ, ಫ್ಲ್ಯಾಶ್ ಇಲ್ಲ, ಲೆನ್ಸ್ ಬದಲಿಸುವ ಹಾಗೂ ಇಲ್ಲ. “ಏನೂ ಇಲ್ಲದ್ದಕ್ಕೆ 899 ಡಾಲರ್ ಇಟ್ಟಿದ್ರಾ!” ಎಂದು ಇವರು ಉಸಿರುಬಿಟ್ಟರು. ಜೂಮ್ ಇರುವ ಸಣ್ಣದೇ ಬೇಕೆಂದರೆ ಸೋನಿ ಆರ್‌ಎಕ್ಸ್100 ಇದೆ ಎಂದು ಓರಗಿತ್ತಿ ನೆನಪಿಸಿದಳು. ಅದರ ಸೆನ್ಸರಿನ ವಿಸ್ತೀರ್ಣ ಇವೆರಡರ ಮೂರನೇ ಒಂದು ಪಾಲು ಎಂದು ಅಣ್ಣತಮ್ಮಂದಿರು ಒಟ್ಟಿಗೆ ತಳ್ಳಿಹಾಕಿದರು. ಅವರಿಬ್ಬರು ಒಮ್ಮತಕ್ಕೆ ಬಂದದ್ದು ಅದೊಂದರಲ್ಲೇ.

ಆಮೇಲೆ ಶುರುವಾಯಿತು ದೊಡ್ಡವರ ಹೆಸರು ಹೇಳುವ ಪಂದ್ಯ. “ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ನಮ್ಮ ಬೆಂಗಳೂರಿನವರೇ. ಕಾಡಿನಲ್ಲಿ ಹಕ್ಕಿ ಫೋಟೋ ತೆಗೆಯೋಕೆ ಜೇಬಲ್ಲಿ ಕ್ಯಾಮೆರಾ ಇಟ್ಕೊಂಡು ಹೋಗಿದ್ರಾ?” ಎಂದು ಇವರು. “ಜಪಾನಿನ ದೈದೋ ಮೊರಿಯಾಮ ಬೀದಿಬೀದಿ ತಿರುಗಿದ್ದು ಇದೇ ಜಿಆರ್ ವಂಶದ ಕ್ಯಾಮೆರಾ ಹಿಡ್ಕೊಂಡು. ನೀನು ಬರ್ತಿರೋದು ಹಲಸೂರಿಗೋ ಬಂಡೀಪುರಕ್ಕೋ?” ಎಂದು ಮೈದುನ.

ಬರುತ್ತಿದ್ದದ್ದು ಹಲಸೂರಿಗೇ. ಮಾವನವರ ಸಹಸ್ರಚಂದ್ರ ದರ್ಶನ ಶಾಂತಿ ಅಲ್ಲಿನ ಛತ್ರದಲ್ಲಿ. ಸಾವಿರ ಹುಣ್ಣಿಮೆ ಕಾಣಲು ಸುಮಾರು 80 ವರ್ಷ 10 ತಿಂಗಳು ಬೇಕು. ಡಿ90ರ ಶಟರನ್ನು ಒಂದು ಲಕ್ಷ ಚಿತ್ರಗಳವರೆಗೆ ಪರೀಕ್ಷಿಸಿ ಬಿಟ್ಟಿರುತ್ತಾರೆ. “ಅಪ್ಪನದ್ದೂ ಇದರದ್ದೂ ಶಾಂತಿ ಒಟ್ಟಿಗೆ ಮುಗಿಸಬಹುದು” ಎಂದು ಮಗಳು ತನ್ನ ಅಮೆರಿಕನ್ನಡದಲ್ಲಿ ಸೂಚಿಸಿದಳು. ಅವಳ ಬಾಯಲ್ಲಿ ‘ತಾತ’ ಎನ್ನುವ ಕಡೆಯೆಲ್ಲ ನಮ್ಮನ್ನು ಕೇಳಿ ಕೇಳಿ ‘ಅಪ್ಪ’ ಎಂದೇ ಬರುತ್ತದೆ.

ಮಾವನವರ ತೀರ್ಪಿನ ಬಗ್ಗೆ ಇವರಿಗೆ ಅನುಮಾನವೇ ಇರಲಿಲ್ಲ. ಮಾವ ದೂರವಾಣಿನಗರದ ಐಟಿಐನಲ್ಲಿ ನಿವೃತ್ತರಾದವರು. 1948ರಲ್ಲಿ ಶುರುವಾಗಿ ದೇಶಕ್ಕೆಲ್ಲ ಟೆಲಿಫೋನು ಮಾಡಿಕೊಟ್ಟ ಆ ಕಾರ್ಖಾನೆಯಲ್ಲಿ ಆಯಸ್ಸು ಸವೆಸಿದ ಅವರು, ಫೋನಿನಲ್ಲಿ ಕ್ಯಾಮೆರಾ ಇರುವುದನ್ನು ಈಗಲೂ ಒಪ್ಪಿಲ್ಲ. “ಫೋನು ಮಾತಾಡೋಕೆ. ನಾವು ಮಾಡಿದ್ದೂ ಹಾಗೇ” ಎನ್ನುತ್ತಾರೆ. ಅವರು ಫೋಟೋ ಕಲಿತದ್ದು ಆಗ್ಫಾ ಕ್ಲಿಕ್ 3ರಲ್ಲಿ. 120 ಫಿಲ್ಮಿನ ಒಂದು ರೋಲಿಗೆ ಹನ್ನೆರಡೇ ಚಿತ್ರ. ಕಣ್ಣು ಮಿಟುಕಿಸಿದವರು ಮನೆಯ ಆಸ್ತಿಯ ಹನ್ನೆರಡನೇ ಒಂದು ಪಾಲು ಹಾಳುಮಾಡಿದಂತೆ ಬೈಸಿಕೊಳ್ಳುತ್ತಿದ್ದರಂತೆ. ಮಹತ್ವದ ಫೋಟೋ ಎಂದರೆ 1910ರಿಂದ ಇರುವ ಜಿ.ಕೆ. ವೇಲ್ ಸ್ಟುಡಿಯೋಗೇ ಹೋಗಿ ತೆಗೆಸಬೇಕು. ಅತ್ತೆ-ಮಾವನ ಮದುವೆಯ ಹೊಸತರ ಚಿತ್ರ ಅಲ್ಲಿನದೇ, ಕೆ.ಆರ್. ಪುರದ ಮನೆಯ ಗೋಡೆಯ ಮೇಲೆ ಇವತ್ತಿಗೂ ಇದೆ. ಮೈದುನನ ಕ್ಯಾಮೆರಾ ನೋಡಿ ಮಾವ ಹೇಳಿದ್ದು ಒಂದೇ ಮಾತು: “ಇಷ್ಟು ಸಣ್ಣದು ಹಿಡಿದ್ರೆ ಎದುರಿಗಿರೋರು ಯಾಕೋ ನೆಟ್ಟಗೆ ನಿಲ್ತಾರೆ?”

ಹೀಗೆ ಡಿ90 ಏಳು ಸಮುದ್ರ ದಾಟಿ ಕೆ.ಆರ್. ಪುರಕ್ಕೆ ಬಂತು. 2023ರ ಅಕ್ಟೋಬರಿನಲ್ಲಿ ಕೆ.ಆರ್. ಪುರ ಮತ್ತು ಬೈಯಪ್ಪನಹಳ್ಳಿಯ ನಡುವೆ ಮೆಟ್ರೊ ಕೂಡಿಕೊಂಡ ಮೇಲೆ ಇಂದಿರಾನಗರದ ಮೈದುನ ಸಂಜೆಯಾದರೆ ಹಾಜರ್. ಮೊದಲಾದರೆ ಟ್ರಾಫಿಕ್ಕಿನ ದೆಸೆಯಿಂದ ಅಣ್ಣತಮ್ಮಂದಿರ ವಾದ ತಾನಾಗಿ ತಣ್ಣಗಾಗುತ್ತಿತ್ತು.

ಮೊದಲ ಪರೀಕ್ಷೆ ಶಿವಾಜಿನಗರದಲ್ಲಿ, ಹೂವು ತರಲು ಹೋದಾಗ. 1927ರ ರಸೆಲ್ ಮಾರ್ಕೆಟ್ಟಿನ ಕಮಾನುಗಳ ಒಳಗೆ ಅರ್ಧ ಕತ್ತಲೆ, ಅರ್ಧ ಬಲ್ಬಿನ ಬೆಳಕು. ಮೈದುನ ಜಿಆರ್‌ನ ಫೋಕಸನ್ನು ಒಂದೂವರೆ ಮೀಟರಿಗೆ ಕೂರಿಸಿ, ಸೊಂಟದ ಹತ್ತಿರ ಹಿಡಿದುಕೊಂಡು ನಡೆದ. ಯಾರೂ ತಿರುಗಿ ನೋಡಲಿಲ್ಲ. ಇವರು ಡಿ90 ಕಣ್ಣಿಗೆ ಏರಿಸಿದ್ದೇ ತಡ, “ಕೌನ್ಸಾ ಚಾನೆಲ್ ಸಾಬ್?” ಎಂದರು ಹಣ್ಣಿನವರು. “ಎಂದ ಪೇಪರ್ ಸಾರ್?” ಎಂದರು ಮೊಟ್ಟೆಯವರು. “ಯಾವ ಟಿವಿ ಅಣ್ಣ?” ಎಂದಳು ಹೂವಿನಾಕೆ. ಮೂರು ಭಾಷೆಯಲ್ಲಿ ಕಸದ ದೂರು, ಸೋರುವ ಮಾಡಿನ ದೂರು, ಬೀದಿನಾಯಿಯ ದೂರು ಬಂದವು. ಇವರು ಎಲ್ಲವನ್ನೂ ಗಂಭೀರವಾಗಿ ಕೇಳಿಸಿಕೊಂಡು “ನೋಡೋಣ” ಎಂದರು. ಹೂವಿನಾಕೆ ಸೇವಂತಿಗೆಯಲ್ಲಿ ಒಂದು ಮೊಳ ಜಾಸ್ತಿ ಹಾಕಿದಳು. ದೊಡ್ಡ ಕ್ಯಾಮೆರಾದಿಂದ ನಮ್ಮ ಮನೆಗೆ ಆದ ಆದಾಯ ಅಷ್ಟೇ.

ಎರಡನೇ ಪರೀಕ್ಷೆ ಇಂದಿರಾನಗರದ ಒಂದು ಪಾರ್ಕಿನ ಗೇಟಿನಲ್ಲಿ. “ಕ್ಯಾಮೆರಾ ಅಲೋ ಇಲ್ಲ ಸಾರ್” ಎಂದು ಸೆಕ್ಯುರಿಟಿಯವರು ಇವರನ್ನು ತಡೆದರು. ಇಪ್ಪತ್ತನಾಲ್ಕು ಮೆಗಾಪಿಕ್ಸೆಲ್ಲು ಜೇಬಿನಲ್ಲಿಟ್ಟುಕೊಂಡ ಮೈದುನ ಒಳಗೆ ಹೋದ. ಇಬ್ಬರ ಕ್ಯಾಮೆರಾಕ್ಕಿಂತ ದುಬಾರಿ ಫೋನು ಹಿಡಿದ ಮಗಳೂ ಒಳಗೆ ಹೋದಳು. ಕಾನೂನಿನ ಪ್ರಕಾರ ಕ್ಯಾಮೆರಾ ಎಂದರೆ ಕುತ್ತಿಗೆಯಲ್ಲಿ ನೇತಾಡುವಂಥದ್ದು.

ನಿಜವಾದ ಕದನ ಛತ್ರದಲ್ಲಿ. ಇವರು 50 ಮಿ.ಮೀ. ಲೆನ್ಸ್ ಹಾಕಿ ಎಫ್/1.8ಕ್ಕೆ ತೆರೆದರು. ಎರಡು ಮೀಟರ್ ದೂರದಿಂದ ಹಾಗೆ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಸುಮಾರು ಅರ್ಧ ಗೇಣು. ಆ ಅರ್ಧ ಗೇಣಿನಲ್ಲಿ ನಮ್ಮ ಅತ್ತೆ ಮೂಗುಬೊಟ್ಟಿನ ಹೊಳಪಿನ ಸಮೇತ ಕೂತರು. ಒಂದು ಹೆಜ್ಜೆ ಹಿಂದೆ ನಿಂತಿದ್ದ ಹಲಸೂರಿನ ಸೋದರತ್ತೆ ಹಬೆಯಾಗಿ ಹೋದರು.

“ನನ್ನ ಮುಖಾನೇ ಅಳಿಸಿಬಿಟ್ಟಿದ್ದೀಯಲ್ಲೋ!”

“ಹಿಂದಿಂದು ಮಸುಕಾದ್ರೇನೇ ಚೆಂದ ಅತ್ತೆ.”

“ಹಿಂದಿಂದು ಅಂದ್ರೆ ಗೋಡೆ ಕಣಪ್ಪ, ನಾನಲ್ಲ.”

ಮೈದುನ ಇದೇ ಸಮಯ ಕಾದಿದ್ದ. ಜಿಆರ್‌ನ ಅಗಲ ನೋಟದ ಲೆನ್ಸಿಗೆ ಎಫ್/2.8ರಲ್ಲೂ ಎರಡು ಮೀಟರಿಗೆ ಫೋಕಸ್ ಇಟ್ಟರೆ ಒಂದೂವರೆಯಿಂದ ಮೂರು ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಸೆನ್ಸರ್ ಅಷ್ಟೇ ದೊಡ್ಡದಾದರೂ ಲೆನ್ಸ್ ಬೇರೆಯಾದ್ದರಿಂದ ಆಗುವ ವ್ಯತ್ಯಾಸ ಇದು. ಸೋದರತ್ತೆ ಬಂದರು, ಹೋಮದ ಹೊಗೆಯಲ್ಲಿ ಕಣ್ಣುಜ್ಜುತ್ತಿದ್ದ ಮಾವ ಬಂದರು, ಮಾತು ಬಿಟ್ಟ ದಾಯಾದಿಗಳಿಬ್ಬರು ಮುಖ ತಿರುಗಿಸಿಕೊಂಡದ್ದೂ ಬಂತು. ಆದರೆ ಅಗಲ ಲೆನ್ಸಿನ ಅಂಚಿನಲ್ಲಿ ನಿಂತವರು ಅಡ್ಡಡ್ಡ ಎಳೆದಂತೆ ಕಾಣುತ್ತಾರೆ. ಅಂಚಿನಲ್ಲಿದ್ದವಳು ಅವನ ಹೆಂಡತಿ. ಆವತ್ತು ರಾತ್ರಿ ಇಂದಿರಾನಗರಕ್ಕೆ ಮೆಟ್ರೊದಲ್ಲಿ ಹೋದವರ ನಡುವೆ ಮಾತುಕತೆ ಇರಲಿಲ್ಲವಂತೆ.

ಒಂದರಲ್ಲಂತೂ ಮಾವನವರ ಮಾತು ಗೆದ್ದಿತು. ಊಟಕ್ಕೆ ಮುಂಚಿನ ಗ್ರೂಪ್ ಫೋಟೋಕ್ಕೆ ಮೈದುನ ಕೈಯೆತ್ತಿ ಕೂಗಿದರೂ ಯಾರೂ ಎಲೆಯ ಕಡೆಯಿಂದ ತಿರುಗಲಿಲ್ಲ. ಇವರು ಟ್ರೈಪಾಡ್ ನಿಲ್ಲಿಸಿ ಡಿ90 ಕೂರಿಸಿದರು, ಛತ್ರವೇ ಸಾಲಾಗಿ ನಿಂತಿತು. ಗಂಡಸರು ಹೊಟ್ಟೆ ಒಳಗೆಳೆದುಕೊಂಡರು, ಹೆಂಗಸರು ಸೆರಗು ಸರಿಮಾಡಿಕೊಂಡರು, ಯಾರೂ ಕಣ್ಣು ಮಿಟುಕಿಸಲಿಲ್ಲ. ಆಗ್ಫಾ ಕಾಲದ ಶಿಸ್ತು ಆ ಗಾತ್ರಕ್ಕೆ ಇನ್ನೂ ಬಾಕಿಯಿದೆ.

ಇಷ್ಟೆಲ್ಲ ನೋಡಿದ ಮೇಲೆ ಗಂಡಸರಿಬ್ಬರೂ ಕೇಳದ ಒಂದು ಪ್ರಶ್ನೆ ನನಗೆ ಹೊಳೆಯಿತು: ನಿಮ್ಮ ಜನ ನಿಮ್ಮಿಂದ ಎಷ್ಟು ದೂರ ನಿಲ್ಲುತ್ತಾರೆ? 1973ರಿಂದ ನಡೆಯುತ್ತಿರುವ ನಮ್ಮ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟದ ರಾಜ್ಯೋತ್ಸವ ಎಂದರೆ ದೊಡ್ಡ ಸಭಾಂಗಣ. ನಮಗೆ ಹಿಂದಿನ ಸಾಲು, ಮಗಳು ವೇದಿಕೆಯ ಆ ಮೂಲೆಯಲ್ಲಿ. ಜಿಆರ್‌ನಲ್ಲಿ ತೆಗೆದರೆ ಯಾರ ಮಗಳು ಎಂದು ಲಾಟರಿ ಎತ್ತಬೇಕು. ಅಲ್ಲಿ 70-300 ಲೆನ್ಸೇ ಗತಿ. ಹೊರನಾಡಿನಲ್ಲಿ ಸ್ನೇಹಿತರೂ ಕೈಯಳತೆ ಬಿಟ್ಟು ನಿಲ್ಲುತ್ತಾರೆ. ಕೆ.ಆರ್. ಪುರದ 30×40 ಸೈಟಿನ ಮನೆಯಲ್ಲಿ ಹಿಂದಕ್ಕೆ ಹೆಜ್ಜೆಯಿಟ್ಟರೆ ಬೆನ್ನಿಗೆ ಬೀರು ತಗಲುತ್ತದೆ, ಮುಂದಕ್ಕಿಟ್ಟರೆ ಯಾರದೋ ಕಾಲು. ಅಲ್ಲಿ ಜೂಮ್ ಹಿಡಿದವರಿಗೆ ಸಿಗುವುದು ಕಿವಿಯೋಲೆ ಮಾತ್ರ.

ಆದ್ದರಿಂದ ನನ್ನ ತೀರ್ಪು ಇಷ್ಟು. ಹಳೆಯ ಡಿಎಸ್‌ಎಲ್‌ಆರ್ ಇದ್ದರೆ ಮಾರಬೇಡಿ, ಮಾರಿದರೂ ಬರುವ ದುಡ್ಡಿಗೆ ಒಂದು ಒಳ್ಳೆಯ ಲೆನ್ಸೂ ಸಿಗದು. ಅದು ಕೂಟದ ವೇದಿಕೆಗೆ, ಮಕ್ಕಳ ಆಟದ ಮೈದಾನಕ್ಕೆ ಇರಲಿ. ಊರಿಗೆ ಬರುವಾಗ ದೊಡ್ಡ ಸೆನ್ಸರಿನ ಸಣ್ಣದನ್ನು ಜೇಬಿನಲ್ಲಿ ತನ್ನಿ. ಕೊಳ್ಳುವ ಖರ್ಚು ಬೇಡವೆಂದರೆ ಮೈದುನನದ್ದನ್ನು ಕೇಳಿ ತೆಗೆದುಕೊಳ್ಳಿ, ಗ್ರೂಪ್ ಫೋಟೋಕ್ಕೆ ಊರಿನ ಫೋಟೋಗ್ರಾಫರನ್ನು ಕರೆಸಿ. ಅವರ ಕ್ಯಾಮೆರಾ ಹೇಗಿದ್ದರೂ ದೊಡ್ಡದೇ ಇರುತ್ತದೆ.

ಯಾವ ಕ್ಯಾಮೆರಾದಲ್ಲಿ ತೆಗೆದರೂ ಒಂದು ಕೆಲಸ ತಪ್ಪಿಸಬೇಡಿ. “ಹೋದ ತಕ್ಷಣ ಲಿಂಕ್ ಕಳಿಸ್ತೀವಿ” ಎಂದು ಹೇಳಿ ವಿಮಾನ ಹತ್ತಬೇಡಿ. ಆ ಲಿಂಕು ಬರುವುದಿಲ್ಲ ಎಂದು ಕೊಡುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಡಿ90ರ 12 ಮೆಗಾಪಿಕ್ಸೆಲ್ಲೇ 12×8 ಅಂಗುಲದ ಪ್ರಿಂಟಿಗೆ ಧಾರಾಳ ಸಾಕು. ಹೊರಡುವ ಮುಂಚೆ ಒಂದಷ್ಟು ಪ್ರಿಂಟು ಹಾಕಿಸಿ, ಸೋದರತ್ತೆಯ ಮುಖ ಸ್ಪಷ್ಟವಾಗಿರುವುದನ್ನೇ ಆರಿಸಿ, ಮನೆಮನೆಗೆ ಹೋಗಿ ಕೈಯಲ್ಲಿ ಕೊಟ್ಟು ಬನ್ನಿ. ವಾಪಸ್ ಬರುವಾಗ ಅವರೂ ನಿಮ್ಮನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಸೂಟ್‌ಕೇಸಿನಲ್ಲಿ ಎರಡು ಕಿಲೋ ಜಾಗ ಖಾಲಿ ಇಟ್ಟುಕೊಂಡಿರಿ.