ನಮ್ಮನೇಲಿ ರೇಡ್

“ಭಾನುವಾರ ಮನೇಲಿ ರೇಡ್ ಇದೆಯಮ್ಮ” ಅಂದೆ. ಹುರುಳಿಕಾಯಿ ನಾರು ತೆಗೆಯುತ್ತಿದ್ದ ಅಮ್ಮ ಬೀರುವಿನ ಬೀಗ ನೋಡಲು ಎದ್ದಳು. ಐಟಿಯವರದ್ದಲ್ಲ, ಹಾರ್ಡ್ ಡಿಸ್ಕಿನದು ಎಂದು ಕೂರಿಸಿದೆ. 1988ರ ಪ್ರಬಂಧದಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಟ್ಜ್ ಈ ಹೆಸರಿಟ್ಟಾಗ ಅದರೊಳಗಿನ ‘ಐ’ಗೆ ಅಗ್ಗದ್ದು ಅಂತ ಅರ್ಥ. ನನ್ನ ಬಿಲ್ಲನ್ನು ಅವರಿಗೊಮ್ಮೆ ತೋರಿಸಬೇಕು!

4 ಟಿಬಿಯ ಎರಡು ಡಿಸ್ಕ್ ಜೋಡಿಸಿ ರೇಡ್ 1 ಮಾಡಿದೆ. ಸಿಕ್ಕಿದ್ದು ನಾಲ್ಕೇ.

“ಉಳಿದಿದ್ದು ಯಾರು ತಿಂದ್ರೋ?”

“ಒಂದರ ಪಡಿಯಚ್ಚು ಇನ್ನೊಂದಮ್ಮ. ಒಂದು ಕೆಟ್ಟರೂ ಫೋಟೊ ಉಳಿಯುತ್ತೆ.”

ರಾತ್ರಿಯಿಡೀ ಸಿಂಕ್ ಆಯಿತು. ಬೆಳಿಗ್ಗೆ ಕಸವೆಂದುಕೊಂಡು ಒಂದು ಫೋಲ್ಡರ್ ಅಳಿಸಿದೆ. ಅದು ಅಕ್ಕನ ಮದುವೆಯದು. ಎರಡೂ ಡಿಸ್ಕಿನಿಂದ ಒಟ್ಟಿಗೇ, ಭಲೇ ನಿಷ್ಠೆಯಿಂದ ಮಾಯವಾಯಿತು.

ಅಮ್ಮ ಏನೂ ಅನ್ನಲಿಲ್ಲ. ಬೀರು ತೆಗೆದು, ರೇಷ್ಮೆ ಸೀರೆಗಳಡಿಯಿಂದ ಆಲ್ಬಂ ಎಳೆದಳು.