ಮೇಳಕರ್ತದ ಬೀದಿ

ಮನೆ ನಂಬರುಗಳನ್ನು ಅಮ್ಮ ಬರೀ ನಂಬರುಗಳೆಂದು ಎಂದೂ ಒಪ್ಪಿಕೊಂಡವಳಲ್ಲ. ಮೈಸೂರಿನ ನಮ್ಮ ಬೀದಿಗೆ ಹೊಸದಾಗಿ ಬಂದ ಪೋಸ್ಟ್‌ಮ್ಯಾನ್ ಗೇಟಿನ ಹತ್ತಿರ ನಿಂತು, “ಇಪ್ಪತ್ತೆರಡನೇ ನಂಬರ್ ಎಲ್ಲಿ ಬರತ್ತಮ್ಮಾ?” ಎಂದರೆ, “ಖರಹರಪ್ರಿಯಾನಾ? ಆ ಸಂಪಿಗೆ ಮರದ ಪಕ್ಕ ನೋಡಪ್ಪ” ಎನ್ನುವಳು. ಪಾಪ, ಅವನು ಅಲ್ಲಿಗೆ ಹೋಗಿ, ರಿಜಿಸ್ಟರ್ಡ್ ಕಾಗದಕ್ಕೆ ಖರಹರಪ್ರಿಯಮ್ಮನವರೇ ಬಂದು ಸಹಿ ಹಾಕಬೇಕೆಂದು ಪಟ್ಟು ಹಿಡಿದನಂತೆ.

ಅಮ್ಮನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳಲ್ಲಿ ಖರಹರಪ್ರಿಯ 22ನೆಯದು. ರಾಗದ ಹೆಸರಿನ ಮೊದಲೆರಡು ಅಕ್ಷರಗಳಿಗೆ ಕಟಪಯಾದಿ ಸೂತ್ರದ ಅಂಕಿ ಹಾಕಿ, ತಿರುವಿ ಓದಿದರೆ ಮೇಳದ ಸಂಖ್ಯೆ ಸಿಗುತ್ತದೆ. ಮಾಯಾಮಾಳವಗೌಳದ ‘ಮಾ’ಗೆ 5, ‘ಯಾ’ಗೆ 1, ತಿರುವಿದರೆ 15. ನಮ್ಮ ಮನೆಯ ನಂಬರೂ ಅದೇ. ಸಂಗೀತ ಕಲಿಯುವವರು ಮಾಯಾಮಾಳವಗೌಳದಿಂದಲೇ ಶುರುಮಾಡಬೇಕೆಂಬ ಪದ್ಧತಿ ಪುರಂದರದಾಸರಿಂದ ಬಂದದ್ದು ತಾನೆ? ಹಾಗಾಗಿ ಬೀದಿಯ ಮಕ್ಕಳೆಲ್ಲ ನಮ್ಮ ಮನೆಗೇ ಬರಬೇಕೆಂಬುದೂ ದಾಸರ ಅಪ್ಪಣೆಯೇ ಎಂದು ಅಮ್ಮ ನಂಬಿದ್ದಳು. ಮುನಿಸಿಪಾಲಿಟಿಯ ಅಪ್ಪಣೆ ಇದ್ದಿರಬಹುದೆಂದು ಅಪ್ಪ ಗೊಣಗುತ್ತಿದ್ದರು.

ಅರ್ಧ ಶತಮಾನಕ್ಕೂ ಮಿಕ್ಕಿ ಅಮ್ಮ ಪಾಠ ಹೇಳಿದಳು. ಮಕ್ಕಳು ನಡುಮನೆಯಲ್ಲಿ ಸರಳೆವರಸೆ, ಜಂಟಿವರಸೆ ಹಾಡುತ್ತಿದ್ದರೆ ಇವಳು ಅಡುಗೆಮನೆಯಲ್ಲಿ. ಸಾಸಿವೆ ಸಿಡಿಯುವ ಸದ್ದಿನ ನಡುವೆಯೂ ಇಳಿದ ಧೈವತ ಅವಳಿಗೆ ಕೇಳಿಸುತ್ತಿತ್ತು; ಅಪ್ಪ ಎರಡನೇ ಸಲ ಕಾಫಿ ಕೇಳಿದ್ದು ಮಾತ್ರ ಕೇಳಿಸುತ್ತಿರಲಿಲ್ಲ. ಫೀಸು ಎಂಬುದು ಇತ್ತು, ವಸೂಲಿ ಎಂಬುದು ಇರಲಿಲ್ಲ. ಕೆಲವರು ದುಡ್ಡು ಕೊಡುತ್ತಿದ್ದರು, ಕೆಲವರು ನುಗ್ಗೆಕಾಯಿ. ಆ ವರ್ಷ ಶಿಷ್ಯರ ಬಳಗ ಎಷ್ಟು ಬೆಳೆದಿದೆ ಎಂಬುದು ನಮ್ಮ ಮನೆಯ ಹುಳಿಯಿಂದಲೇ ತಿಳಿಯುತ್ತಿತ್ತು.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ನನಗೆ ಶ್ರುತಿ ಎಂಬುದು ತಂಬೂರಿಯ ಒಳಗಿರುವ ವಸ್ತು. ನನ್ನ ಗಂಟಲಿಗೂ ಅದಕ್ಕೂ ಪರಿಚಯವಿಲ್ಲ. ಎಲ್ಲಿ ಹೋದರೂ “ಸಂಗೀತದ ಟೀಚರ ಮಗ, ಒಂದು ಹಾಡಪ್ಪ” ಎನ್ನುತ್ತಿದ್ದರು. ಒಮ್ಮೆ ಹಾಡಿದ ಕಡೆ ಮತ್ತೆ ಕೇಳುತ್ತಿರಲಿಲ್ಲ ಎಂಬುದೊಂದೇ ಸಮಾಧಾನ. ಅಮ್ಮ ನನ್ನನ್ನು ಕೈಬಿಡಲಿಲ್ಲ, ಜಮಖಾನಕ್ಕೆ ಹಾಕಿದಳು. ಹಾಸುವುದು, ಕೊಡವುವುದು, ಸುತ್ತಿಡುವುದು ನನ್ನ ವಿದ್ವತ್ತು. ಹಾಡಲಾರದವರಿಗೆ ತಾಳ, ತಾಳವೂ ಬಾರದವರಿಗೆ ತಂಬೂರಿ ಹೊರುವ ಕೆಲಸ, ಅದೂ ಒಗ್ಗದವರಿಗೆ ಜಮಖಾನ. ಬೀದಿಯಲ್ಲಿ ಯಾರೂ ಬರಿಗೈಯಲ್ಲಿ ಕೂರುವ ಹಾಗಿರಲಿಲ್ಲ. ಅವಳ ಶಿಷ್ಯರಲ್ಲಿ ಜೂನಿಯರ್ ಪಾಸಾದವರು ಬೇಕಾದಷ್ಟು, ಸೀನಿಯರ್ ಪಾಸಾದವರು ಕೆಲವರು, ಕಛೇರಿ ಮಾಡಿದವರು ಇಲ್ಲವೆಂದೇ ಹೇಳಬೇಕು. ಅದರ ಕೊರಗು ಅವಳಿಗಿರಲಿಲ್ಲ. “ಕಛೇರಿ ಒಬ್ಬರದು ಕಣೋ, ಗೋಷ್ಠಿ ಎಲ್ಲರದು” ಎನ್ನುತ್ತಿದ್ದಳು. ಗೋಷ್ಠಿಯಲ್ಲಿ ಯಾರಾದರೂ ಪ್ರತಿಭೆ ತೋರಿಸಲು ಮುಂದೆ ಓಡಿದರೆ ತಾಳ ನಿಲ್ಲಿಸಿ, “ಬಸ್ಸಿಗೆ ಹೊತ್ತಾಯ್ತೇನಮ್ಮ?” ಎಂದು ಕೇಳುವಳು.

ಈ ಗೋಷ್ಠಿಯ ನ್ಯಾಯ ಬೀದಿಯ ಜಗಳಗಳಿಗೂ ಅನ್ವಯಿಸುತ್ತಿತ್ತು. 28 ಮತ್ತು 29ನೇ ಮನೆಯವರಿಗೆ ಒಂದು ತೆಂಗಿನಮರದ ವಿಷಯದಲ್ಲಿ ಮಾತು ನಿಂತಿತ್ತು. ಮರ ಈ ಕಡೆ, ಕಾಯಿ ಬೀಳುವುದು ಆ ಕಡೆ. ಅಮ್ಮ ಇಬ್ಬರನ್ನೂ ಕರೆಸಿ ಕೂರಿಸಿದಳು. “ನೀವು ಹರಿಕಾಂಭೋಜಿ, ಅವರು ಶಂಕರಾಭರಣ. ಆರು ಸ್ವರ ಒಂದೇ. ವ್ಯತ್ಯಾಸ ಇರೋದು ನಿಷಾದ ಒಂದರಲ್ಲಿ, ನಿಮ್ಮದು ಕೈಶಿಕಿ, ಅವರದು ಕಾಕಲಿ. ಅಷ್ಟಕ್ಕೆ ಮಾತು ಬಿಡ್ತಾರೇನ್ರಿ?” ಅವರಿಬ್ಬರಿಗೂ ಒಂದಕ್ಷರ ಅರ್ಥವಾಗಲಿಲ್ಲ. ಅರ್ಥವಾಗಲಿಲ್ಲವೆಂದು ಹೊರಗೆ ಬಂದು ಒಬ್ಬರಿಗೊಬ್ಬರು ಹೇಳಿಕೊಳ್ಳುವಾಗ ಮಾತು ಶುರುವಾಯಿತು. ಕಾಯಿಗಳನ್ನು ಆರಾಧನೆಗೆ ಕೊಡುವುದೆಂದು ತೀರ್ಮಾನವಾಯಿತು.

ಆರಾಧನೆ ಎಂದರೆ ನಮ್ಮ ಬೀದಿಯ ಜಾತ್ರೆ. ಪುಷ್ಯ ಬಹುಳ ಪಂಚಮಿಗೆ ತ್ಯಾಗರಾಜರದು, ಅದೇ ಮಾಸದ ಅಮಾವಾಸ್ಯೆಗೆ ಪುರಂದರದಾಸರದು. ಒಂದಕ್ಕೆ ಹಾಸಿದ ಜಮಖಾನದ ಧೂಳು ಕೊಡವುವಷ್ಟರಲ್ಲಿ ಇನ್ನೊಂದು. ಮೊದಮೊದಲು ಬೀದಿಯ ಹಿರಿಯರು, ಹೆಂಗಸರು ಕೋಸಂಬರಿ ನೋಡಿಕೊಳ್ಳಲಿ, ವೇದಿಕೆ ಗಂಡಸರಿಗಿರಲಿ ಎಂದರಂತೆ. ಅಮ್ಮ ಕೂಗಾಡಲಿಲ್ಲ. ಇಲ್ಲೇ ಪಕ್ಕದ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ ತಿರುವೈಯಾರಿಗೆ ಹೋಗಿ, ತಮ್ಮ ಗಂಟನ್ನೇ ಸುರಿದು ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದ್ದನ್ನೂ, ಹೆಂಗಸರಿಗೆ ಅಲ್ಲಿ ಹಾಡುವ ಜಾಗ ದೊರಕಿಸಿದ್ದನ್ನೂ ನಿಧಾನವಾಗಿ ವಿವರಿಸಿ, ಸೌತೆಕಾಯಿಯ ಬುಟ್ಟಿಯನ್ನು ಗಂಡಸರ ಕಡೆ ತಳ್ಳಿದಳು. ಅಂದಿನಿಂದ ನಮ್ಮಲ್ಲಿ ಗಂಡಸರೇ ಕೋಸಂಬರಿ ಮಾಡುವುದು. ಆದಿತಾಳದ ಎಂಟಕ್ಷರಕ್ಕೆ ಸರಿಯಾಗಿ ಸೌತೆಕಾಯಿ ಹೆಚ್ಚುವ ಬ್ಯಾಂಕ್ ಮ್ಯಾನೇಜರರನ್ನು ಬೇರೆಲ್ಲೂ ನಾನು ಕಂಡಿಲ್ಲ.

ತ್ಯಾಗರಾಜರ ಪಂಚರತ್ನ ಕೃತಿಗಳಿಗೆ ಬಂದರೆ ಒಂದು ಪೀಕಲಾಟ. ನಾಟ, ಗೌಳ, ಆರಭಿ, ಶ್ರೀ ಇವಕ್ಕೆ ತೊಂದರೆಯಿಲ್ಲ. ನಾಲ್ಕನೆಯದು ವರಾಳಿ. ವರಾಳಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿಕೊಟ್ಟರೆ ಗುರುಶಿಷ್ಯರಿಗೆ ಮನಸ್ತಾಪ ಬರುತ್ತದೆಂದು ಸಂಗೀತಗಾರರಲ್ಲಿ ಹಳೆಯ ನಂಬಿಕೆ. ಅಮ್ಮ ನಂಬಿಕೆಯನ್ನೂ ಬಿಡಲಿಲ್ಲ, ವರಾಳಿಯನ್ನೂ ಬಿಡಲಿಲ್ಲ. ಶಿಷ್ಯರನ್ನು ನಡುಮನೆಯಲ್ಲಿ ಹೂ ಕಟ್ಟಲು ಕೂರಿಸಿ, ತಾನು ಒಲೆಯ ಮುಂದೆ ನಿಂತು ಹುಳಿಯ ಪಾತ್ರೆಗೆ ವರಾಳಿ ಹಾಡುತ್ತಿದ್ದಳು. ಕಿವಿಗೆ ಬಿದ್ದರೆ ಅದು ಅವರ ಪುಣ್ಯ. ಅವಳು ಯಾರಿಗೂ ಹೇಳಿಕೊಟ್ಟಿಲ್ಲ. ಒಂದು ಸಂಗತಿ ಸರಿಯಾಗಿ ಕೇಳಿಸಲಿಲ್ಲವೆಂದು ಯಾರಾದರೂ ಕೆಮ್ಮಿದರೆ ಪಾತ್ರೆಗೇ ಇನ್ನೊಮ್ಮೆ ಹಾಡುವಳು.

ವಯಸ್ಸಿಗೂ ಇದೇ ಲೆಕ್ಕ. 65 ತುಂಬಿದಾಗ “ಈ ವರ್ಷ ಮೇಚಕಲ್ಯಾಣಿ” ಎಂದು ಪಾಯಸ ಮಾಡಿದಳು. 72 ದಾಟಿದ ಮೇಲೆ ಏನಮ್ಮ ಎಂದರೆ, “ಮೇಳ ಮುಗೀತು, ಇನ್ನು ಜನ್ಯರಾಗ. ಅದಕ್ಕೆ ಲೆಕ್ಕ ಇಟ್ಟವರ್ಯಾರು?” ಎಂದಳು. ಅದೇ ಧೈರ್ಯದಲ್ಲಿ 91ರವರೆಗೆ ಬಂದಳು. ಸೋತದ್ದು ಮೊಬೈಲ್ ಫೋನಿನ ಮುಂದೆ ಮಾತ್ರ. ಹತ್ತು ಅಂಕಿ ಎಂದರೆ ಐದು ರಾಗ, ಸುಲಭ ಎಂದುಕೊಂಡಿದ್ದಳು. “72ಕ್ಕೆ ಮೇಳ ಮುಗಿದಿರುವಾಗ ಇವರು 98ರಿಂದ ಶುರುಮಾಡಿದರೆ ಹಾಡೋದು ಹೇಗೋ?” ಎಂದು ಕೊನೆಯವರೆಗೂ ದೂರುತ್ತಿದ್ದಳು.

ಅಮ್ಮ ಹೋದ ಮೇಲೆ ಬೀದಿಯ ಪಾಠ ನಿಲ್ಲಲಿಲ್ಲ. ಅವಳ ಮೂವರು ಶಿಷ್ಯೆಯರು ಬೇರೆಬೇರೆ ಮನೆಗಳಲ್ಲಿ ಈಗ ಹೇಳಿಕೊಡುತ್ತಾರೆ. ಮೂವರಿಗೂ ವರಾಳಿ ಬರುತ್ತದೆ, ಮೂವರಿಗೂ ಅದನ್ನು ಹೇಳಿಕೊಡಲು ಭಯ. ಹಾಗಾಗಿ ಪುಷ್ಯಮಾಸ ಹತ್ತಿರವಾದರೆ ಸಾಯಂಕಾಲ ಮೂರು ಅಡುಗೆಮನೆಗಳಲ್ಲಿ ಮೂರು ಒಲೆಗಳ ಮುಂದೆ ಒಂದೇ ಕೃತಿ. ನಡುಮನೆಯ ಮಕ್ಕಳು ಹೂ ಕಟ್ಟುತ್ತಾ ಆಗಾಗ ಕೆಮ್ಮುತ್ತಾರೆ. ಮೊನ್ನೆ ಖರಹರಪ್ರಿಯದ ಮನೆಯ ಯಜಮಾನರು ಸಿಕ್ಕಿ, ಈ ತಿಂಗಳಲ್ಲಿ ಹುಳಿ ತಳ ಹಿಡಿಯದ ದಿನವೇ ಇಲ್ಲ ಎಂದರು. “ಸಂಗತಿ ಸರಿಯಾಗಿ ಬೀಳ್ತಿದೆಯಾ?” ಎಂದೆ. “ಅದಕ್ಕೇನು, ಚೆನ್ನಾಗೇ ಬೀಳ್ತಿದೆ” ಎಂದು ಸೌತೆಕಾಯಿ ತರಲು ಹೊರಟರು.