ಬೋಟಿಗೊಂದು ಪಾಲಿಶ್

ಹಳೇ ಫೈಬರ್ ಬೋಟಿನ ಮೈಮೇಲೆ ಕೈಯಾಡಿಸಿದರೆ ಅಂಗೈಗೆ ಬಿಳಿ ಪುಡಿ ಅಂಟುತ್ತದೆ. ಜೆಲ್‌ಕೋಟ್ ಎಂಬ ಹೊರಪದರ ವರ್ಷಗಟ್ಟಲೆ ಬಿಸಿಲು ತಿಂದು ಉದುರುವ ಪರಿ ಇದು. ಗಂಗೊಳ್ಳಿ ಹೊಳೆಬದಿಯಲ್ಲಿ ಕಟ್ಟಿರುವ ನನ್ನ ಮೋಟಾರ್ ಬೋಟಿಗೆ ಒರಗಿ ಎದ್ದವರೆಲ್ಲ ಆಗಷ್ಟೇ ಲೆಕ್ಕದ ಪಾಠ ಮುಗಿಸಿದ ಮೇಷ್ಟರಂತೆ ಕಾಣುತ್ತಾರೆ. ಪಾಲಿಶ್ ಮಾಡಿಸಬೇಕೋ ಬೇಡವೋ?

ಮೀನುಗಾರಿಕೆ ನಿಷೇಧದ 61 ದಿನ, ಅಂದರೆ ಜೂನ್-ಜುಲೈಯಲ್ಲಿ, ಪುರುಸೊತ್ತೇನೋ ಧಾರಾಳ. ಆದರೆ ಆಗ ನಮ್ಮ ಕರಾವಳಿಯ ಮಳೆ; ಒದ್ದೆ ಮೈಗೆ ವ್ಯಾಕ್ಸ್ ಹಿಡಿಯುವುದಿಲ್ಲ. ಮಳೆ ಹೋದರೆ ಸುಡುಬಿಸಿಲು. ಉಜ್ಜುವ ಮೊದಲೇ ಪಾಲಿಶ್ ಕಾಂಪೌಂಡ್ ಒಣಗಿ ಕೂತಿರುತ್ತದೆ. ಸಾಲದ್ದಕ್ಕೆ, ಉಜ್ಜುವುದೆಂದರೆ ಇರುವ ಪದರವನ್ನೇ ಸವೆಸುವುದು. ಅದರ ದಪ್ಪವೋ ಅರ್ಧ ಮಿಲಿಮೀಟರ್ ಆಸುಪಾಸು. ಹೊಳಪು ಬಂದೀತು, ಬೋಟು ಉಳಿಯಬೇಕಲ್ಲ!

"ನೀರೊಳಗಿನ ಭಾಗಕ್ಕೂ ಪಾಲಿಶ್ ಹಾಕಿದ್ರೆ ಸ್ಪೀಡ್ ಜಾಸ್ತಿ ಆಗ್ಬಹುದಾ?" ಎಂದು ಎಂಜಿನ್ ರಿಪೇರಿಯವನನ್ನು ಕೇಳಿದೆ. ಆತ ಮಾತಾಡದೆ ತಳಕ್ಕೆ ಕಚ್ಚಿಕೊಂಡಿದ್ದ ಚಿಪ್ಪುಗಳನ್ನು ಕತ್ತಿಯಿಂದ ಕರಕರ ಕೆರೆದು ನನ್ನ ಕಾಲಬುಡಕ್ಕೆ ಬೀಳಿಸಿದ. "ಮೊದ್ಲು ಇದನ್ನ ತೆಗ್ಸಿ. ಮೀನಿಗೆ ಮುಖ ನೋಡ್ಕೊಳ್ಳೋಕೆ ಕನ್ನಡಿ ಬೇಕಾ ಮಾರಾಯ್ರೆ?"

ಮೀನಿಗೂ ನನ್ನ ಬೋಟಿಗೂ ಅಂಥ ಪರಿಚಯವಿಲ್ಲ ಎಂಬುದು ಅವನಿಗೂ ಗೊತ್ತು. ಗಾಳ ಹಾಕಿ ಬರಿಗೈಲಿ ಮರಳುವಾಗ ಮಾರ್ಕೆಟಿನಲ್ಲಿ ಬಂಗುಡೆ ಕೊಳ್ಳುವವನು ನಾನು.

ಹೆಂಡತಿ ಮಾತ್ರ ಪೂರ್ತಿ ಪಾಲಿಶ್ ಪರ. ಉಜ್ಜಲು ಬಟ್ಟೆ ಬೇಕಲ್ಲ ಎಂದು ನನ್ನ ಹಳೇ ಬನಿಯನ್ನುಗಳನ್ನು ಆಗಲೇ ಕತ್ತರಿಸಿಟ್ಟಿದ್ದಾಳೆ. ಈಗ ಅವಳ ಕಣ್ಣು ಹೊಸದರ ಮೇಲಿದೆ.